ಇಬ್ಬರಿಗೆ, ನಾಯಿ ಸಹಿತ

ದಿವಾಡಿ ನಡುಗಡ್ಡಿಯೊಳಗ, ಫೆರಿ ಇಳಿದು ಎಡಕ್ಕ,
ಉಪ್ಪುನೀರಿನ ಗದ್ದಿ ದಾಟಿದ ಮ್ಯಾಲ
ಒಂದು ಹಂಚಿನ ಮನಿ. ಕೀಲಿಕೈ ನನ್ನ ಸೆರಗಿನ್ಯಾಗ.
ಫ್ಲಾವಿಯಾ ಬಾಯಿ ಬೋರ್ಡು ಬರಿಸ್ಯಾಳ:
ಜೋಡಿಗೆ ಮಾತ್ರ. ನಾಯಿ ಬಂದರ ಸಂತೋಷ.
ನನಗ ಓದಾಕ ಬರಂಗಿಲ್ಲ, ಆಕಿನ ಓದಿ ಹೇಳಿದ್ಲು.
ಕೂಸಿಗೆ ಜಾಗಾ ಇಲ್ಲೇನ್ರಿ, ಅಂದೆ.
ಕೂಸು ಗ್ವಾಡಿ ಮ್ಯಾಲ ಗೀಚ್ತಾವ, ಕಪ್ಪು ಒಡೀತಾವ, ಅಂದ್ಲು.

ಎಲ್ಲಾ ಎರಡೆರಡು ಇಡಬೇಕು.
ಎರಡು ಕಪ್ಪು, ಎರಡು ಟವೆಲ್ಲು, ಸೋಪಿನ ಬಿಲ್ಲಿ ಎರಡು,
ಪಡಸಾಲ್ಯಾಗ ಬೆತ್ತದ ಕುರ್ಚಿ,
ಎದುರುಬದುರಲ್ಲ, ಹೊಳಿ ಕಡೆ ಮುಖಾ ಮಾಡಿ.
ಮೂರನೇದ್ದಂದ್ರ ಸ್ಟೀಲಿನ ಬಟ್ಟಲ, ನೆಲದ ಮ್ಯಾಲ.

ಪುಣಾದಿಂದ ಬಂದ್ರು ಮೃಣ್ಮಯಿ ಬಾಯಿ, ಹೇರಂಬ ಸಾಹೇಬ್ರು.
ನಾಯಿ ಹೆಸರು ಭಾಕ್ರಿ.
ಬಾಲ ಇದ್ದ ರೊಟ್ಟಿ ನಾ ಮೊದಲ ಸಲ ನೋಡಿದ್ದು.

ಗಂಡ ಹೆಂಡತಿ ಮಾತಾಡಂಗಿಲ್ಲ ಅಂತ ತಿಳಿಯಾಕ
ನನಗ ಅರ್ಧಾ ದಿನ ಹಿಡೀತು.
ಮಾತು ಇತ್ತಲ್ಲ, ಮನಿ ತುಂಬ:
ಭಾಕ್ರಿ, ನಿಮ್ಮಪ್ಪಗ ಕೇಳು, ಚಹಾ ಬೇಕಂತನ?
ಭಾಕ್ರಿ, ನಿಮ್ಮವ್ವಗ ಹೇಳು, ಬ್ಯಾಡ.
ಭಾಕ್ರಿ, ಕಿಟಕಿ ಹಾಕಂತ ಹೇಳು, ಸೊಳ್ಳಿ ಬರ್ತಾವ.
ಆ ಪ್ರಾಣಿ ಒಮ್ಮೆ ಇತ್ತಾಗ, ಒಮ್ಮೆ ಅತ್ತಾಗ
ಕುತ್ತಿಗಿ ತಿರುಗಿಸಿ ತಿರುಗಿಸಿ
ಸಂಜೀಕ ಟಪಾಲಿನವನಂಗ ದಣಿದು ಮಕ್ಕೊಂಡಿತು,
ಹಾಸಿಗಿ ನಟ್ಟನಡುವ.

ಎರಡನೇ ರಾತ್ರಿ ಅದು ನನ್ನ ಶೆಡ್ಡಿಗೆ ಬಂತು.
ಬಡಿದ ರೊಟ್ಟಿ ವಾಸನಿ ಹಿಡಿದು ಬಂದಿರಬೇಕು.
ಭಾಕ್ರಿ ಭಾಕ್ರಿ ತಿಂತು, ನನ್ನ ಮೊಣಕಾಲಿಗೆ ಮೂತಿ ಒರಸಿತು.
ಆವಾಗ ಹೊರಗ ಕೂಗು ಎದ್ವು.
ಆಕಿದು ಇಗರ್ಜಿ ದಿಬ್ಬದ ಕಡೆಯಿಂದ,
ಅಂವಂದು ದೂರ, ತೂಬಿನ ಕಡೆಯಿಂದ.
ನಾಯಿ ಕಿವಿ ನಿಗರಿಸಿತು. ಇನ್ನೇನು ಬೊಗಳಬೇಕು,
ಅದರ ಬಾಯಿ ಮ್ಯಾಲ ಕೈ ಇಟ್ಟೆ.

ಯಾಕ ಅಂತ ಕೇಳಬ್ಯಾಡ್ರಿ.
ಆ ನೀರಿನ್ಯಾಗ ಮೊಸಳಿ ಅದಾವ. ನನಗ ಗೊತ್ತಿತ್ತು,
ಅವರಿಗೂ ನಾನ ಹೇಳಿದ್ದೆ.
ಆಕಿ ಕೂಗು ನಡುವ ಒಡೀತು.
ಮೃಣ್ಮಯಿ, ಅಂದ ಅಂವ. ನಾಯಿ ಹೆಸರಲ್ಲ.
ಅಲ್ಲೇ ನಿಂದ್ರು, ಕೆಸರೈತಿ, ನಾ ಬರ್ತೀನಿ.
ಟಾರ್ಚಿನ ಬೆಳಕು ಗದ್ದಿ ಬದುವಿನ ಮ್ಯಾಲ
ಜೋಲಿ ಹೊಡಕೋತ ಹೊಂಟಿತು.
ನನ್ನ ಅಂಗೈಯೊಳಗ ಬಿಸಿ ಉಸಿರು, ಜೊಲ್ಲು.
ಇನ್ನ ಸ್ವಲ್ಪ, ಅಂದೆ ನಾಯಿಗೆ. ಇನ್ನೊಂದ ಸ್ವಲ್ಪ.

ಕೈ ತಗದೆ.

ಆ ರಾತ್ರಿ ಜಗಳಾಡಿದ್ರು, ಬೆಳಗಾಗೂ ತನಕ,
ಹೆಸರು ಹಿಡಿದು, ವರ್ಷ ಹಿಡಿದು,
ಯಾರದೋ ಮದುವ್ಯಾಗ ಯಾರೋ ಅಂದ ಮಾತು ಹಿಡಿದು.
ಒಂದು ಕಪ್ಪು ಒಡದ ಸಪ್ಪಳ.
ಪಾವು ಮಾರಾಂವನ ಸೈಕಲ್ ಹಾರ್ನು ಬರೂದ್ರೊಳಗ ಸುಮ್ಮಾಗಿದ್ರು.
ಬಿಸಿ ಪಾವು ಒಯ್ದು ಕೊಟ್ಟೆ. ಬಾಗಿಲಾ ತಗದಾಕಿ ಆಕಿ,
ಕಣ್ಣು ಬಾತಿದ್ವು.
ಉಳಿದ ಒಂದ ಕಪ್ಪಿನ್ಯಾಗ ಯಾರು ಮೊದಲು ಕುಡಿದ್ರೋ
ನಾ ನೋಡಲಿಲ್ಲ.

ಕೂಡಿದ್ರೋ, ಬ್ಯಾರೆ ಆಗಾಕ ತಯಾರಾದ್ರೋ, ನನಗೇನು ತಿಳೀತೈತಿ.
ಫೆರಿಯೊಳಗ ಕಾರಿನಿಂದ ಇಳಿದು
ಕಂಬಿಗೆ ಆನಿಕೊಂಡು ನಿಂತಿದ್ರು, ಇಬ್ಬರೂ ನೀರು ನೋಡ್ಕೋತ.
ಭಾಕ್ರಿ ಅಷ್ಟ ನನ್ನ ಕಡೆ ನೋಡ್ತಿತ್ತು.
ಅದಕ್ಕೊಂದಕ್ಕ ಗೊತ್ತು.
ಎಷ್ಟೋ ಮಾತು ಮುಟ್ಟಿಸಿದ ನಾಯಿ,
ಇದೊಂದನ್ನ ಮುಟ್ಟಿಸಂಗಿಲ್ಲ.

ಕಪ್ಪಿನ ರೊಕ್ಕ ನನ್ನ ಪಗಾರದಾಗ ಹಿಡಿದ್ಲು ಬಾಯಿ.
ಒಡದದ್ದು ಕೂಸಲ್ರಿ, ಅಂದೆ. ನಗಲಿಲ್ಲ.
ಹೊಸಾದು ಬಂದೈತಿ, ಬಣ್ಣ ಹೊಂದಂಗಿಲ್ಲ.
ಐತವಾರಕ್ಕೊಮ್ಮೆ ಇಂವ ಬಾರ್ಜಿನಿಂದ ಫೋನ್ ಮಾಡ್ತಾನ:
ಊಟ ಆತೇನು. ಆತು. ಮತ್ತ? ಮತ್ತೇನಿಲ್ಲ.
ಈ ಸಲ, ಇಡಬ್ಯಾಡ, ಅಂದೆ.
ಆ ಕಡೆ ಇಂಜಿನ್ನಿನ ಸಪ್ಪಳ. ಯಾಕ, ಅಂದ.
ಹೇಳಾಕ ನನ್ನ ಹಂತ್ಯಾಕ ಏನೂ ಇರಲಿಲ್ಲ.
ನಾಯಿ ಸುದ್ದಿ ಹೇಳಿದೆ.