ಎಳೆಯ ತುದಿ

ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ
ಇನಾಯತ್ ಮಾಮುವಿನ ಹೆಬ್ಬೆಟ್ಟು ಗೊತ್ತಿಲ್ಲ.
ಲುಂಗಿಗೆ ಒರೆಸಿ ಒತ್ತುತ್ತಾನೆ, ಉಗುಳು ಹಚ್ಚಿ ಒತ್ತುತ್ತಾನೆ,
ಎಡಗೈ, ಬಲಗೈ, ಕೊನೆಗೆ ಕಿರುಬೆರಳು.
ಕೆಂಪು ದೀಪ.
ಇಪ್ಪತ್ತಾರು ವರ್ಷ ಕುದಿನೀರಲ್ಲಿ ಗೂಡು ತಡಕಿ
ಬೆರಳ ಗೆರೆಗಳೆಲ್ಲ ರೇಷ್ಮೆಯ ಜೊತೆಗೇ
ಬಿಚ್ಚಿಕೊಂಡು ಹೋಗಿವೆ.
ಚೆಂಡಿಗೆ ಮಾತ್ರ ಆ ಕೈಯ ಗುರುತಿದೆ.

ಹೋದ ವರ್ಷ ಗೆದ್ದ ಕಪ್
ಗಫಾರನ ಟೀ ಅಂಗಡಿಯಲ್ಲಿ, ಬನ್ನಿನ ಡಬ್ಬಿಯ ಪಕ್ಕ.
ಶಿಡ್ಲಘಟ್ಟದ ಅರ್ಧ ಗಂಡಸರು
ಅದರ ಹೊಟ್ಟೆಯಲ್ಲಿ ಮುಖ ನೋಡಿ ಕ್ರಾಪು ತೀಡುತ್ತಾರೆ.
ಗೆದ್ದು ತಂದುಬಿಟ್ರಿ, ಇಟ್ಕೊಳ್ಳೋದು ದಿನಾ ಒರೆಸೋ ಕೆಲಸ
ಅನ್ನುತ್ತಾನೆ ಗಫಾರ್, ಬಟ್ಟೆ ಹಿಂಡುತ್ತ.

ಈ ವರ್ಷ ಊರೇ ಮಾತಾಡಿತು:
ಮಾಮುಗೆ ನಲವತ್ತೊಂದು, ಮಂಡಿ ಕಟಕಟ ಅನ್ನುತ್ತೆ,
ಚೆಂಡು ಇನ್ನು ಹುಡುಗನ ಕೈಗೆ ಬರಲಿ.
ಆ ಹುಡುಗ ನಾನು.
ಇಲ್ಲ ಅನ್ನುವುದೇಕೆ, ನಾನೂ ಅಂದಿದ್ದೆ,
ಬಸ್ ಸ್ಟ್ಯಾಂಡಿನಲ್ಲಿ, ಸ್ವಲ್ಪ ಜೋರಾಗಿಯೇ.

ಫೈನಲ್ಲಿಗೆ ಚಿಂತಾಮಣಿಯವರು.
ಹೈಸ್ಕೂಲಿನ ಹಿಂದಿನ ಸಿಮೆಂಟು ಅಂಕಣ.
ಎರಡು ದೀಪ ಉರಿಯುತ್ತಿದ್ದವು, ಮೂರನೆಯದು ಯೋಚಿಸುತ್ತಿತ್ತು.
ಹತ್ತು ಪಾಯಿಂಟು ಮುಂದಿದ್ದೆವು, ಮಾಮು ಬೆಂಚಿಗೆ ಹೋದ,
ಮಂಡಿಗೆ ಐಸ್‌ಕ್ಯಾಂಡಿ ಕಟ್ಟಿಕೊಂಡ.
ನಿಜವಾಗಿಯೂ. ಕಿತ್ತಳೆ ಬಣ್ಣದ್ದು, ಎರಡು. ಬೇರೆ ಐಸು ಸಿಗಲಿಲ್ಲ.
ನಾನು ಓಡಿದೆ. ಓಡಿದ್ದೇ ಓಡಿದ್ದು.
ಗಂಗಿರೆಡ್ಡಿ ತಿರುಗುವ ಮೊದಲೇ
ಅವನ ಬೆನ್ನಿಗೆ ಚೆಂಡು ಎಸೆದೆ,
ಮೂವರ ನಡುವೆ ನುಗ್ಗಿ ನನ್ನ ಕಾಲಿಗೇ ಬಡಿದುಕೊಂಡೆ,
ನಾಲ್ಕೇ ನಿಮಿಷಕ್ಕೆ
ಹತ್ತು ಕರಗಿ ಒಂದು ಸಾಲವಾಯಿತು.

ಕೋಚ್ ಅಶ್ವತ್ಥನಾರಾಯಣಪ್ಪ ಕೂಗಲಿಲ್ಲ.
ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಮಾಮು ಎದ್ದ, ಕಾಲಿನಿಂದ ಕಿತ್ತಳೆ ನೀರು ಸೋರುತ್ತ.
ನಾನು ಹೊರಗೆ ಹೊರಟಿದ್ದೆ, ಅಂಗಿ ಹಿಡಿದೆಳೆದ.
ಷಫಿಯನ್ನು ಕೂರಿಸಿ ನನ್ನ ಪಕ್ಕಕ್ಕೆ ಬಂದು ನಿಂತ.
ಎಳೆ ಕಡಿದರೆ ಜಗ್ಗಬೇಡ ಮಗಾ,
ಕೈ ನೀರಲ್ಲೇ ಇರಲಿ,
ತುದಿ ಬರುತ್ತೆ.

ಆಮೇಲೆ ಅವನು ಏನೂ ಮಾಡಲಿಲ್ಲ.
ಅಷ್ಟು ಜನರ ಕಣ್ಣೆದುರು
ಏನೂ ಮಾಡದೆ ಇರುವುದಕ್ಕೆ ಎಷ್ಟು ಎದೆ ಬೇಕು!
ಚೆಂಡು ಬಡಿದ, ನಿಧಾನ,
ಹೊತ್ತಲ್ಲದ ಹೊತ್ತಲ್ಲಿ ಬಾಗಿಲು ತಟ್ಟುವ ನೆಂಟನ ಹಾಗೆ.
ಚಿಂತಾಮಣಿಯ ಹುಡುಗ ಕೈ ಚಾಚಿದ,
ಚೆಂಡು ಆ ಕೈಯ ಇನ್ನೊಂದು ಕಡೆ ಇತ್ತು.
ಹದಿನೆಂಟು ಸೆಕೆಂಡು. ಹತ್ತೊಂಬತ್ತು.
ಹೊಡಿಯಪ್ಪೋ ಅಂದರು ಕಾಂಪೌಂಡಿನ ಮೇಲಿನವರು.
ಇಪ್ಪತ್ತು. ಬಡಿದ, ಬಡಿದ.
ಆಗ ಕಂಡಿತು. ನನಗೂ ಕಂಡಿತು, ಮೊದಲ ಸಲ:
ಅಷ್ಟು ಮೈಗಳ ಗೋಜಲಿನೊಳಗೆ
ಗಂಗಿರೆಡ್ಡಿಯ ಎಡಭುಜ
ಒಂದು ಗೇಣು ತಿರುಗಿತ್ತು.
ಕಂಡಿತಲ್ಲ ಅಂದುಕೊಳ್ಳುವಷ್ಟರಲ್ಲಿ
ಚೆಂಡು ಅಲ್ಲಿ ಹೋಗಿ ಕೂತಿತ್ತು.

ಮೂರು ಪಾಯಿಂಟಿನಲ್ಲಿ ಗೆದ್ದೆವು.
ಅಂಕಪಟ್ಟಿಯಲ್ಲಿ ಮಾಮುವಿನ ಹೆಸರಿಗೆ ನಾಲ್ಕು,
ನನ್ನ ಹೆಸರಿಗೆ ಹದಿನೇಳು.
ಪೇಪರಿನವನು ಅದನ್ನೇ ಬರೆದುಕೊಂಡು ಹೋದ,
ನಾನು ತಿದ್ದಲಿಲ್ಲ.
ಫೋಟೋಕ್ಕೆ ಹುಡುಕಿದರೆ ಅವನಿಲ್ಲ.
ಬೆಳಿಗ್ಗೆ ಗೂಡಿನ ಹರಾಜು, ಒಲೆಗೆ ಸೌದೆ ಒಟ್ಟಬೇಕಂತೆ.

ಎರಡು ದಿನ ಬಿಟ್ಟು ಹೋದೆ.
ಹಬೆ, ಬೆಂದ ಹುಳುವಿನ ವಾಸನೆ, ತಿರುಗುವ ರಾಟೆ.
ಯಾಕೆ ಬಂದೆ ಅಂತ ಕೇಳಲಿಲ್ಲ, ಮಣೆ ಸರಿಸಿದ.
ತೊಟ್ಟಿಯೊಳಗೆ ಬೆರಳಿಟ್ಟೆ,
ಅಯ್ಯಪ್ಪಾ ಅಂತ ತೆಗೆದೆ.
ನಕ್ಕ ಮಾಮು, ತನ್ನ ಕೈ ಮುಳುಗಿಸಿಯೇ ಇಟ್ಟು,
ನೀರಿನಡಿಯಲ್ಲಿ ಏನನ್ನೋ ಕೇಳಿಸಿಕೊಳ್ಳುವವನಂತೆ.

ನಿನ್ನ ಹೆಬ್ಬೆಟ್ಟು ಇನ್ನೂ ಇದೆಯಲ್ಲೋ, ಅಂದ,
ಬಾ,
ನನ್ನ ಅಕ್ಕಿಗೂ ನೀನೇ ಒತ್ತು.