ರೋಜಾಂ

ನಡುಮಧ್ಯಾಹ್ನಕ್ಕ ಬಾಡತಿತ್ತು ಬದನಿ.
ಬುಡದಾಗ ನೀರು, ಕಾಲಿಟ್ಟರ ಕೆಸರು,
ಆದರೂ ಎಲಿ ಜೋತು ಬೀಳತಿದ್ದವು
ಬೈಸಿಕೊಂಡ ಹುಡುಗರ ಮಾರಿ ಹಂಗ.

ಕಿತೇರಿಯಾ ಬಾಯಿ ಒಂದು ಗಿಡಾ ಕಿತ್ತು
ನೀರಾಗ ಜಾಲಿಸಿ ನನ್ನ ಮುಂದ ಹಿಡದ್ಳು.
ಬೇರಲ್ಲ ಅದು, ಗಂಟಿನ ಸರ.
ಕೆಲವು ಹಸಿಶುಂಠಿ ಹಂಗ ಉಬ್ಬಿದ್ವು,
ಕೆಲವು ನಮ್ಮವ್ವನ ಬೆರಳಿನ ಸಂದಿನಂಗ.
ಹುಳಾ ಎಲ್ಲೈತಿ ಅಂತ ಕಣ್ಣು ಕಿಸದು ನೋಡಿದ್ನಿ.
ಕಾಣಂಗಿಲ್ಲ, ಅಂದ್ಳು.
ಕಂಡಿದ್ರ ಚಪ್ಪಲೀಲೆ ಹೊಡೀತಿದ್ದೆ.

ಈ ಮಳಿಗಾಲ ಬದನಿ ಬ್ಯಾಡ, ಬರೇ ರೋಜಾಂ.

ರೋಣದ ಕಡಿಯಾಕಿ ನಾ.
ಆಗಶಿಗೆ ಬಂದು ಎರಡು ವರ್ಷ,
ಕೊಂಕಣಿ ಅರ್ಧಾ ತಿಳೀತಿತ್ತು, ಅರ್ಧಾ ನಾನ ಹೊಂದಿಸಿಕೋತಿದ್ನಿ.
ರೋಜಾ ಅಂದ್ರ ಗುಲಾಬಿ. ಮುಳ್ಳಿಗೆ ಅಂಜಿ
ಹಳೇ ಸೀರಿ ಹರದು ಕೈಗೆ ಸುತಗೊಂಡು ಹ್ವಾದ್ನಿ.
ಬುಟ್ಟಿ ಮ್ಯಾಲಿನ ಗೋಣಿತಟ್ಟು ತಗದ್ರ
ಚೆಂಡುಹೂವಿನ ಸಸಿ!
ದಸರಿಗೆ ನಾವು ಟ್ರ್ಯಾಕ್ಟರಿನ ಮೂಗಿಗೆ ಕಟ್ತೀವಲ್ಲ, ಅದ.
ನನ್ನ ಕೈ ನೋಡಿ ಮುದುಕಿ ನಕ್ಕಿದ್ದು
ಜುವಾರಿ ಪೂಲಿನ ಮ್ಯಾಲ ಹೊಂಟ ಬಸ್ಸಿನವರಿಗೂ ಕೇಳಿರಬೇಕು.

ಗೇಣಿಗೊಂದು ಸಸಿ, ಮಗ್ಗಲು ಮಗ್ಗಲಿಗೆ.
ಬಾಜೂ ಹೊಲದ ಇನಾಸ ಬಾಬ್ ಬದುವಿನ ಮ್ಯಾಲ ನಿಂತು
ಯಾರದ ಲಗ್ನಾ? ಅಂದ.
ಹೂವಿನ ಕೆಲಸಲ್ಲ ಇದು, ಅಂದ್ಳು ಆಕಿ,
ಹೂವು ಮ್ಯಾಲಿನ ಮಾತು.
ಇದರ ಬೇರಿಗೆ ಬಾಯಿ ಹಾಕಿದ ಹುಳಾ
ಒಳಗ ಹೋಗ್ತದ, ಮರಿ ಹಾಕಾಕ ಉಳಿಯಂಗಿಲ್ಲ.
ನಾ ಒಂದು ಬೇರು ಹಿಚುಕಿ ಮೂಸಿದ್ನಿ. ಘಾಟು.
ಮೂರು ಸಲ ಕೈ ತೊಳದ್ರೂ
ರಾತ್ರಿ ರೊಟ್ಟಿಯೊಳಗ ಬಂತು.

ದಸರಿಗೆ ಮಡಗಾಂವದವರು ಬುಟ್ಟಿಗಟ್ಟಲೆ ಒಯ್ದರು.
ಸತ್ತವರ ಹಬ್ಬಕ್ಕ ಇಗರ್ಜಿ ಹಿಂದಿನ ಗೋರಿಗಳಿಗೆ ಹ್ವಾದವು,
ಆಕಿ ಗಂಡಗ ಎರಡು ಮಾಲಿ ಜಾಸ್ತಿ.
ಆಮ್ಯಾಲ ಗಿಡಾ ಕೊಚ್ಚಿ ಮಣ್ಣಾಗ ಮುಚ್ಚಿ
ಬದನಿ ಹಚ್ಚಿದ್ವಿ,
ಎರಡು ಸಾಲಿಗೊಂದು ಸಾಲು ಹೊಸಾ ರೋಜಾಂ ನಡುವ ನಿಲ್ಲಿಸಿ.

ಥಂಡಿ ದಿನದಾಗ ಬದನಿ ಸೊಕ್ಕಿದ್ವು.
ನೆತ್ತಿ ಮ್ಯಾಲ ಬಿಸಲಿದ್ರೂ ಎಲಿ ನೆಟ್ಟಗ,
ಕಾಯಿ ಎರಡು ಕೈಯಾಗ ಹಿಡೀಬೇಕು.
ತೆಂಗಿನ ಕಡೀ ಮೂಲಿ ಒಂದ ಬಾಡತು.
ಅಲ್ಲಿಂದೊಂದು ಕಿತ್ತು ಜಾಲಿಸಿದ್ಳು ಬಾಯಿ.
ಅವೇ ಗಂಟು.
ಆಕಿ ನೆಲಾ ನೋಡಿದ್ಳು. ನನ್ನ ನೋಡಲಿಲ್ಲ.

ನೋಡಿದ್ರ ಹೇಳಿಬಿಡ್ತಿದ್ನಿ:
ಮಳಿಗಾಲದಾಗ, ಹಚ್ಚಿದ ಮೂರನೇ ದಿನ,
ಹೊತ್ತು ಮುಳುಗಿದ ಮ್ಯಾಲ
ಆ ಮೂಲ್ಯಾಗಿಂದ ಸಸಿ ಕಿತ್ತು ಸೆರಗಿನಾಗ ಕಟಗೊಂಡು ಒಯ್ದ್ನಿ.
ಖಾಲಿ ಜಾಗಾದಾಗ ಕಸಾ ಬೆಳೀತು. ನಾನ ತಗದ್ನಿ ಅದನ್ನ.
ತಗಡಿನ ಖೋಲಿ ಮುಂದ ಎರಡು ಪೇಂಟಿನ ಡಬ್ಬಿ,
ಅದರಾಗ ಅರಳಿದ್ವು, ತಟ್ಟಿ ಅಗಲ.
ಅಲ್ಲಿ ಕಾಯಾಕ ಏನೂ ಇರಲಿಲ್ಲ.
ಬಾಗಲಾ ತಗದ್ರ ಏನರ ಕಾಣಬೇಕಾಗಿತ್ತು ನನಗ,
ಅಷ್ಟ.

ಮರುವರ್ಷ ಮಿರಗದ ಮಳಿಗೆ
ಡಬ್ಬಿ ಹೂವಿನ ಬೀಜ ಒಡಸಿ, ಸಸಿ ಮಾಡಿ ತಂದು,
ಯಾರೂ ಬರೂದರೊಳಗ ಆ ಮೂಲ್ಯಾಗ ಕುಂತು ಹಚ್ಚಾಕತ್ತಿದ್ನಿ.
ಹಿಂದ ಬಂದು ನಿಂತಿದ್ಳು,
ಕೊಡಿ ಮ್ಯಾಲಿನ ಹನಿ ನನ್ನ ಕುತ್ತಿಗಿಗೆ ಬಿದ್ದಾಗ ತಿಳೀತು.
ಕಿತ್ಲಿಂ ಗೊ?
ಹನ್ನೊಂದು, ಅಂದ್ನಿ.
ಬಾರಾ, ಅಂದ್ಳು.

ಖರೇನ.
ಒಂದು ಸೆರಗಿನಾಗ ಸತ್ತಿತ್ತು,
ಅದನ್ನ ನಾ ಎಣಿಸಿರಲಿಲ್ಲ.
ಇನ್ನೊಂದು ತಗ್ಗು ತೋಡಿದ್ನಿ.