ಬೆನ್ನ ಹಿಂದಿನ ದನಿ

ಏಳಡಿ ಎಂದು ಪತ್ರಿಕೆಯವರು ಬರೆದರು. ಸುಳ್ಳು.
ಅವರು ಬೂಟು ಸೇರಿಸಿ ಅಳೆಯುತ್ತಾರೆ.
ನಾನೇ ಗೋಡೆಗೆ ನಿಲ್ಲಿಸಿ ಪೆನ್ಸಿಲ್ಲಿನಿಂದ ಗೀಟೆಳೆದಿದ್ದೇನೆ:
ಇನ್ನೂರ ಹನ್ನೊಂದು ಸೆಂಟಿಮೀಟರು, ಬರಿಗಾಲಲ್ಲಿ.
ಹೆಸರು ವಕಾರಿಸ್. ಹತ್ತೊಂಬತ್ತು ತುಂಬಿಲ್ಲ.
ಜರಾಸಾಯ್ ಕಡೆ, ಕೆರೆಗಳ ನಡುವೆ, ಊರು.
ಅವನಮ್ಮ ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಾಳೆ.
ಮಗನನ್ನು ಪಾನೆವೆಜಿಸ್‌ಗೆ ತಂದಿಳಿಸಿ
ಸೌತೆಯ ಉಪ್ಪಿನಕಾಯಿ ಜಾಡಿ ನನ್ನ ಕೈಗಿಟ್ಟು
"ತಿನ್ನುತ್ತಾನೆ" ಅಂದಳು. ಅಷ್ಟೇ.

ನನಗೆ ಮೂವತ್ತೇಳು. ಎಡ ಮಂಡಿಯಲ್ಲಿ ಎರಡು ಮೊಳೆ.
ಕ್ಲಬ್ಬು ಇನ್ನೊಂದು ವರ್ಷ ಇಟ್ಟುಕೊಂಡದ್ದು
ನನ್ನ ಆಟಕ್ಕಲ್ಲ, ಇವನನ್ನು ತಿದ್ದಲಿಕ್ಕೆ.
ನನ್ನ ಜಾಗಕ್ಕೆ ನಾನೇ ಗೊಬ್ಬರ.
ಇರಲಿ, ಬಾಡಿಗೆ ಕಟ್ಟಬೇಕಲ್ಲ.

ದೂರದ ಊರುಗಳಿಂದ ಮೂವರು ಬಂದರು.
ತೋಳು ಅಳೆದರು, ಅಂಗೈ ಅಳೆದರು, ಜಿಗಿತ ಅಳೆದರು,
ಕುದುರೆ ಕೊಳ್ಳುವವರ ಹಾಗೆ
ಹಲ್ಲು ನೋಡುವುದೊಂದೇ ಬಾಕಿ.
"ಭವಿಷ್ಯ" ಎಂದರು.
ಆ ಮಾತು ಕೇಳಿದಾಗಲೆಲ್ಲ ಹುಡುಗ
ತಲೆ ತಗ್ಗಿಸುತ್ತಾನೆ
ದಾರಂದ ಬಡಿದೀತೆಂಬಂತೆ.

ಮೊದಲ ತಿಂಗಳು ಚೆಂಡೇ ಕೊಡಲಿಲ್ಲ.
ಕಾಲು. ಬರೀ ಕಾಲು.
ತಿರುಗು, ಮತ್ತೆ ತಿರುಗು, ಹಿಮ್ಮಡಿ ಎತ್ತಬೇಡ,
ಸೊಂಟ ಇಳಿಸು, ಇನ್ನೂ,
ನಿನ್ನಜ್ಜಿ ಹಾಲು ಕರೆಯಲು ಕೂತ ಹಾಗೆ.
ಕಲಿತ. ನನಗೆ ಹನ್ನೊಂದು ವರ್ಷ ಹಿಡಿದ ಎಡಗೈ ಹುಕ್
ಅವನಿಗೆ ಹನ್ನೊಂದು ವಾರ.
ಸಂತೋಷಪಟ್ಟೆ ಅಂದರೆ ಸುಳ್ಳಾದೀತು.

ಬಾರದ್ದು ಒಂದೇ, ಬಾಯಿ.
ಸೆಂಟರ್ ಅಂದರೆ ಎಲ್ಲರ ಬೆನ್ನ ಹಿಂದೆ ನಿಂತವನು,
ಇಡೀ ಅಂಗಳ ಅವನೊಬ್ಬನಿಗೇ ಕಾಣುವುದು.
ಮುಂದಿನವನಿಗೆ ಬೆನ್ನಲ್ಲಿ ಕಣ್ಣಿಲ್ಲ;
ಎಡದಿಂದ ಅಡ್ಡ ಬಂದರು ಅಂತ ಕೂಗಬೇಕು ನೀನು,
ಕೂಗದಿದ್ದರೆ ಅವನ ಪಕ್ಕೆಲುಬು.
ಮೌನ ಬಂಗಾರ ಎಂದವರು ಯಾರೂ
ಬುಟ್ಟಿಯ ಕೆಳಗೆ ನಿಂತವರಲ್ಲ.

ಇವನು ಉಗ್ಗುತ್ತಾನೆ.
ಎಡಕ್ಕೆ ನಾವು 'ಕೈರೆ' ಅನ್ನುತ್ತೇವೆ,
ಆ 'ಕ' ಅವನ ಗಂಟಲಲ್ಲಿ ಮೀನಿನ ಮುಳ್ಳು.
ಬಲಗಡೆಯದು ಸರಾಗ. ಎಡಗಡೆ ಬಂತೋ
ಬಾಯಿ ತೆರೆದೇ ಇರುತ್ತದೆ, ಆಟ ದಾಟಿ ಹೋಗಿರುತ್ತದೆ.
ಆ ಮೂವರ ಟೇಪಿಗೆ ಇದು ಸಿಕ್ಕಿರಲಿಲ್ಲ.

"ನಿನಗೆ ಬರುವ ಪದ ಹೇಳು," ಅಂದೆ,
"ಯಾವುದಾದರೂ. ನಾವು ಕಲಿಯುತ್ತೇವೆ."
ಎರಡು ದಿನ ಯೋಚಿಸಿದ.
ಮೂರನೆಯ ದಿನ ಸ್ನಾನದ ಕೋಣೆಯ ಹಬೆಯೊಳಗಿಂದ:
"ಅಮ್ಮ."
ಯಾಕೋ?
"ಲಾರಿಯಲ್ಲಿ ಅವಳು ಯಾವಾಗಲೂ ನನ್ನ ಎಡಕ್ಕೆ."

ತಂಡ ನಕ್ಕಿತು. ಆಮೇಲೆ ಕಲಿತಿತು.
ಫೆಬ್ರವರಿಯಲ್ಲಿ, ಶೌಲೈ ಊರಿನಲ್ಲಿ,
ಕೊನೆಯ ನಿಮಿಷ, ನಮಗೆ ಒಂದೇ ಅಂಕ ಮೇಲು,
ಡ್ರಮ್ಮುಗಳ ಸದ್ದನ್ನು ಸೀಳಿಕೊಂಡು
"ಅಮ್ಮಾ!"
ಪೆಟ್ಟು ಬಿತ್ತೆಂದುಕೊಂಡು ರೆಫ್ರಿ ಕತ್ತು ತಿರುಗಿಸಿದ.
ಎದುರಾಳಿಗಳ ಬೆಂಚು ಗೊಳ್ಳೆಂದಿತು.
ನಮ್ಮ ಗಾರ್ಡು ಮಾತ್ರ ನೋಡದೆಯೇ
ಅರ್ಧ ಹೆಜ್ಜೆ ಸರಿದ, ಅಡ್ಡ ನಿಂತವನನ್ನು ತಪ್ಪಿಸಿಕೊಂಡ,
ಅವರ ಎಸೆತ ಕಬ್ಬಿಣಕ್ಕೆ ತಾಗಿ ಆಚೆ ಬಿತ್ತು.
ಅಂಕಿಪಟ್ಟಿಯಲ್ಲಿ ವಕಾರಿಸ್‌ನ ಹೆಸರ ಮುಂದೆ
ಇದಕ್ಕೊಂದು ಕಲಮೇ ಇಲ್ಲ.

ಮೇ ತಿಂಗಳಲ್ಲಿ ನನ್ನ ಬೀರು ಖಾಲಿ ಮಾಡಿದೆ.
ಹಿಂದಿನ ದಿನದ ಅಭ್ಯಾಸಕ್ಕೆ ಒಬ್ಬನಿಗೆ ಜ್ವರ;
ಅವನ ಜಾಗದಲ್ಲಿ, ಮುಂದೆ, ನಾನು ನಿಂತೆ.
ಜೀವಮಾನದಲ್ಲಿ ಮೊದಲ ಸಲ
ಬುಟ್ಟಿ ನನ್ನ ಬೆನ್ನ ಹಿಂದೆ ಅಷ್ಟು ದೂರ.
"ಅಮ್ಮಾ!"
ವೈದ್ಯರನ್ನೂ ನಂಬದ ನನ್ನ ಮಂಡಿ
ನನ್ನನ್ನು ಕೇಳದೆ ಸರಿಯಿತು.

ಫ್ರೀ ಥ್ರೋ ಇನ್ನೂ ಕೆಟ್ಟದಾಗಿದೆ.
ಮೊಣಕೈ ಹೊರಗೆ ಹೋಗುತ್ತದೆ.
ಅದು ಇನ್ನು ಬೇರೆ ಯಾರದೋ ಕೆಲಸ.